ವಿಮಾನದಲ್ಲಿ ವೈರ್ ತೆಗೆದು ವೈರ್‌ಲೆಸ್ ಹಾಕುವುದು ಹೇಗೆ: ಮೊದಲು ವೈರ್ ನೋಡಿ, ರೇಡಿಯೊ ಆಮೇಲೆ

ಏರ್‌ಬಸ್ ಎ380 ವಿಮಾನದೊಳಗೆ ಸುಮಾರು 1 ಲಕ್ಷ ವೈರ್‌ಗಳಿವೆ. ಎಲ್ಲವನ್ನೂ ಬಿಚ್ಚಿ ಉದ್ದಕ್ಕೆ ಹಾಸಿದರೆ ಹತ್ತಿರ ಹತ್ತಿರ 500 ಕಿ.ಮೀ., ಅಂದರೆ ಬೆಂಗಳೂರಿನಿಂದ ಬೆಳಗಾವಿ ಮುಟ್ಟುವಷ್ಟು. ವೈರ್‌ಗಳ ತೂಕವೇ ಸುಮಾರು 5,700 ಕಿಲೋ. ಅವನ್ನು ಹಿಡಿದು ಕೂರಿಸುವ ಕ್ಲಾಂಪ್, ಬ್ರಾಕೆಟ್, ಟೈಗಳಿಗೆ ಇನ್ನೂ ಶೇಕಡಾ 30ರಷ್ಟು ಸೇರಿಸಿಕೊಳ್ಳಿ. ಈ ವೈರ್‌ಗಳಲ್ಲಿ ಸುಮಾರು ಶೇಕಡಾ 30ನ್ನು ತೆಗೆದು ಆ ಜಾಗಕ್ಕೆ ರೇಡಿಯೊ ಸಂಪರ್ಕ ತರಬಹುದು ಅನ್ನುವುದು ಈ ಉದ್ಯಮದವರೇ ಕೊಟ್ಟಿರುವ ಅಂದಾಜು.

ಈ ಲೆಕ್ಕ ನೋಡಿದ ಕೂಡಲೇ ಎಲ್ಲರಿಗೂ ಹೊಳೆಯುವುದು ತೂಕ. ತೂಕ ಇಳಿದರೆ ಇಂಧನ ಉಳಿಯುತ್ತದೆ, ನಿಜ. ಆದರೆ ತೂಕವೊಂದನ್ನೇ ನಂಬಿ ಈ ಕೆಲಸಕ್ಕೆ ಇಳಿದವರು ಅರ್ಧ ದಾರಿಯಲ್ಲಿ ನಿಲ್ಲುತ್ತಾರೆ. ನನ್ನ ಪ್ರಕಾರ ವೈರ್‌ಲೆಸ್‌ಗೆ ನಿಜವಾದ ಬೆಲೆ ಬರುವುದು ಎರಡು ಕಡೆ. ಒಂದು, ವೈರ್ ಎಳೆಯೋಕೇ ಆಗದ ಜಾಗದಲ್ಲಿ. ಇನ್ನೊಂದು, ವೈರ್‌ಗಳೆಲ್ಲ ಒಟ್ಟಿಗೆ ಕತ್ತರಿಸಿಹೋದಾಗಲೂ ಉಳಿಯುವ ಬೇರೆ ದಾರಿ ಬೇಕಾದಲ್ಲಿ.

ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕೆಲಸಕ್ಕೆ ಹೊಸದಾಗಿ ಸೇರಿದವರು, ಕೊನೇ ವರ್ಷದ ಪ್ರಾಜೆಕ್ಟ್‌ಗೆ ಇದೇ ವಿಷಯ ತಗೊಂಡಿರುವ ಎಂಜಿನಿಯರಿಂಗ್ ಹುಡುಗ ಹುಡುಗಿಯರು, ಇವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಪ್ ಯಾವುದು, ಆಂಟೆನಾ ಯಾವುದು ಅಂತ ಶುರು ಮಾಡಬೇಡಿ. ವೈರ್‌ನಿಂದ ಶುರು ಮಾಡಿ.

ಆ ವೈರ್ ಅಲ್ಲಿ ಏಕಿದೆ ಅಂತ ಕೇಳಿ

ಹಾರ್ನೆಸ್ (ಒಟ್ಟಿಗೆ ಕಟ್ಟಿದ ವೈರ್‌ಗಳ ಕಂತೆ) ಡ್ರಾಯಿಂಗ್ ತೆಗೆದುಕೊಂಡು ಒಂದೊಂದು ವೈರ್‌ಗೂ ಮೂರು ಪ್ರಶ್ನೆ ಕೇಳಿ. ಇದು ಹೊತ್ತು ತರುವುದು ಮಾಹಿತಿಯೋ, ಕರೆಂಟೋ, ಎರಡೂನೋ? ಇದು ಸತ್ತರೆ ವಿಮಾನಕ್ಕೆ ಏನಾಗುತ್ತದೆ? ಇದು ಹಾದುಹೋಗುವ ಜಾಗ ವೈರ್‌ಗೆ ಎಷ್ಟು ಕೆಟ್ಟದ್ದು?

ಮೊದಲ ಪ್ರಶ್ನೆಯಲ್ಲೇ ಅರ್ಧ ಪಟ್ಟಿ ಖಾಲಿಯಾಗುತ್ತದೆ. ರೇಡಿಯೊ ಮಾಹಿತಿಯನ್ನು ಮಾತ್ರ ಸಾಗಿಸುತ್ತದೆ. ಮೋಟಾರು, ಪಂಪು, ಹೀಟರು, ಗ್ಯಾಲಿಯ (ವಿಮಾನದ ಅಡುಗೆಮನೆಯ) ಓವನ್ನು, ಇವುಗಳ ವೈರ್ ಎಲ್ಲಿಗೂ ಹೋಗುವುದಿಲ್ಲ. ಕರೆಂಟಿಗಾಗಿ ಹೇಗೂ ಎರಡು ವೈರ್ ಎಳೆಯಲೇಬೇಕು ಅಂದಮೇಲೆ ಅದೇ ಬಂಡಲ್‌ನಲ್ಲಿ ಇನ್ನೊಂದು ಜೊತೆ ಮಾಹಿತಿ ವೈರ್ ಹಾಕುವುದೇ ಹಗುರ, ಅಗ್ಗ, ಭದ್ರ. ಅಂಥ ಕಡೆ ವೈರ್‌ಲೆಸ್ ತುರುಕುವುದು ಸುಮ್ನೆ ಶೋಕಿ.

ಬೋಯಿಂಗ್ 787ರಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಸೀಟಿನ ಹಿಂದಿನ ಟಿವಿ ಪರದೆಗಳಿಗೆ ಸಿನಿಮಾಗಳನ್ನು ವೈರ್‌ಲೆಸ್ ಮೂಲಕ ಕಳಿಸುವ ಯೋಜನೆ ಅವರದು. 2007ರ ಆರಂಭದಲ್ಲಿ ಅದನ್ನು ಕೈಬಿಟ್ಟು ವೈರಿಗೇ ವಾಪಸ್ ಬಂದರು. ಪರದೆಗೆ ಕರೆಂಟ್ ವೈರ್ ಹೇಗೂ ಬೇಕಿತ್ತು, ಆಂಟೆನಾ ಮತ್ತು ಅಕ್ಸೆಸ್ ಪಾಯಿಂಟ್‌ಗಳ ತೂಕ ಸೇರಿಸಿದರೆ ಉಳಿತಾಯ ಮಾಯವಾಗುತ್ತಿತ್ತು, ಜೊತೆಗೆ ಆ ತರಂಗಾಂತರಕ್ಕೆ ಎಲ್ಲ ದೇಶಗಳಲ್ಲೂ ಅನುಮತಿ ಸಿಗುವ ಖಾತ್ರಿ ಇರಲಿಲ್ಲ. ಅಷ್ಟು ದೊಡ್ಡ ಕಂಪನಿ ಅಷ್ಟು ದೂರ ಹೋಗಿ ಹಿಂದೆ ಸರಿದದ್ದು ನಿಮ್ಮ ಪ್ರಾಜೆಕ್ಟ್‌ನ ಮೊದಲ ವಾರದಲ್ಲೇ ನೆನಪಿರಬೇಕಾದ ಪಾಠ.

ಎರಡನೇ ಪ್ರಶ್ನೆಗೆ ವಿಮಾನ ನಿಯಮಗಳಲ್ಲೇ ಅಳತೆ ಇದೆ. ಒಂದು ವ್ಯವಸ್ಥೆ ಕೆಟ್ಟರೆ ವಿಮಾನವೇ ಹೋಗುತ್ತದೆ ಅನ್ನುವಂತಿದ್ದರೆ, ಅಂಥ ವೈಫಲ್ಯದ ಸಾಧ್ಯತೆ ಪ್ರತಿ ಹಾರಾಟದ ಗಂಟೆಗೆ 100 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಬರೀ ಪೈಲಟ್ ಕೆಲಸ ಹೆಚ್ಚಾಗಿ ಸುರಕ್ಷತೆಯ ಅಂತರ ಕುಗ್ಗುವ ಮಟ್ಟದ್ದಾದರೆ 1 ಲಕ್ಷದಲ್ಲಿ ಒಂದು ಸಾಕು. ಹೊಸಬರು ಮೇಲಿನ ತುದಿಯಿಂದ ಶುರು ಮಾಡಲೇಬಾರದು. ಕ್ಯಾಬಿನ್ ತಾಪಮಾನ, ಟಯರ್ ಒತ್ತಡ, ಬ್ರೇಕ್ ಬಿಸಿ, ತುಕ್ಕು ಹಿಡಿಯುವ ಮೂಲೆಗಳ ತೇವ, ರಚನೆಯ ಕಂಪನ, ಇವೆಲ್ಲ ಒಳ್ಳೆಯ ಆರಂಭ. ಒಂದು ಅಳತೆ ತಪ್ಪಿದರೂ ಮುಂದಿನದು ಬರುವವರೆಗೆ ಕಾಯಬಹುದು.

ಹಾಗಂತ ಮೇಲಿನ ತುದಿ ಯಾರೂ ಮುಟ್ಟದ್ದೇನಲ್ಲ. 2008ರಲ್ಲಿ ಗಲ್ಫ್‌ಸ್ಟ್ರೀಮ್ ತನ್ನ ಪರೀಕ್ಷಾ ವಿಮಾನದಲ್ಲಿ ರೆಕ್ಕೆಯ ಮೇಲಿನ ಸ್ಪಾಯ್ಲರ್ (ಮೇಲೆದ್ದು ರೆಕ್ಕೆಯ ಎತ್ತುವ ಬಲ ಇಳಿಸುವ) ಹಲಗೆಯನ್ನು ವೈರ್‌ಲೆಸ್ ಸಂದೇಶದಿಂದ ಆಡಿಸಿ ಹಾರಿಸಿತು. ಹಾರಾಟದಲ್ಲಿ ಸಾಧ್ಯ ಅಂತ ಅದು ತೋರಿಸಿತು. ಸಾಧ್ಯ ಅನ್ನುವುದಕ್ಕೂ ಸರ್ಟಿಫಿಕೇಟ್ ಕೈಗೆ ಬರುವುದಕ್ಕೂ ನಡುವೆ ಬಹಳ ವರ್ಷಗಳ ಕೆಲಸ ಇರುತ್ತದೆ.

ಮೂರನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಮುಖ್ಯ. ಅದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ವೈರ್ ಕೊಂದ ಕಥೆಗಳು

1996ರ ಜುಲೈ 17. ನ್ಯೂಯಾರ್ಕ್‌ನಿಂದ ಹೊರಟ ಟಿಡಬ್ಲ್ಯುಎ 800 ಆಕಾಶದಲ್ಲೇ ಸಿಡಿಯಿತು, 230 ಜನ ಹೋದರು. ನಡುವಿನ ಇಂಧನ ಟ್ಯಾಂಕಿನ ಆವಿ ಹೊತ್ತಿಕೊಂಡಿತ್ತು. ಟ್ಯಾಂಕಿನ ಹೊರಗೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ, ಇಂಧನದ ಮಟ್ಟ ಅಳೆಯುವ ವೈರ್‌ಗಳ ಮೂಲಕ ಹೆಚ್ಚಿನ ವೋಲ್ಟೇಜ್ ಒಳಗೆ ನುಗ್ಗಿರುವ ಸಾಧ್ಯತೆಯೇ ಎಲ್ಲಕ್ಕಿಂತ ಜಾಸ್ತಿ ಅಂತ ಅಮೆರಿಕದ ತನಿಖಾ ಮಂಡಳಿ ಹೇಳಿತು. ಎರಡು ವರ್ಷದ ನಂತರ, 1998ರ ಸೆಪ್ಟೆಂಬರ್ 2ರಂದು, ಸ್ವಿಸ್‌ಏರ್ 111 ಕೆನಡಾದ ಕರಾವಳಿಯ ಹತ್ತಿರ ಸಮುದ್ರಕ್ಕೆ ಬಿತ್ತು, 229 ಜನ. ಅಲ್ಲೂ ಕಾಕ್‌ಪಿಟ್ ಹತ್ತಿರದ ಚಾವಣಿಯೊಳಗೆ ವೈರ್ ಕಿಡಿ ಹಾರಿಸಿ, ನಿರೋಧಕ ಹೊದಿಕೆ ಹೊತ್ತಿಕೊಂಡಿತ್ತು. ಇವೆರಡರ ನಂತರವೇ ವಿಮಾನದ ವೈರಿಂಗನ್ನು ಬರೀ ಜೋಡಣೆಯ ಸಾಮಾನು ಅಂತ ನೋಡದೆ, ಅದನ್ನೇ ಒಂದು ವ್ಯವಸ್ಥೆ ಅಂತ ಪರಿಗಣಿಸುವ ನಿಯಮಗಳು ಬಂದವು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಅವುಗಳನ್ನು 2007ರಲ್ಲಿ ಜಾರಿಗೆ ತಂದಿತು.

ಈಗ 2010ರ ನವೆಂಬರ್ 4ಕ್ಕೆ ಬನ್ನಿ. ಕ್ವಾಂಟಾಸ್ 32, ಎ380, ಸಿಂಗಪುರದಿಂದ ಸಿಡ್ನಿಗೆ ಹೊರಟಿತ್ತು, ಒಳಗೆ 469 ಜನ. ಎರಡನೇ ಎಂಜಿನ್ನಿನ ಟರ್ಬೈನ್ ಡಿಸ್ಕ್ ಒಡೆದು ಚೂರುಗಳು ರೆಕ್ಕೆಯನ್ನು ತೂತು ಮಾಡಿಕೊಂಡು ಹೋದವು. ಹೋಗುವಾಗ ವೈರ್ ಬಂಡಲ್‌ಗಳನ್ನೂ ಕತ್ತರಿಸಿಕೊಂಡು ಹೋದವು. ಪೈಲಟ್‌ಗಳು ವಿಮಾನವನ್ನು ಸುರಕ್ಷಿತವಾಗಿ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ. ಆದರೆ ನೆಲಕ್ಕೆ ಇಳಿದ ಮೇಲೆ, ಏನೂ ಆಗದ ಒಂದನೇ ಎಂಜಿನ್ ನಿಲ್ಲಲೇ ಇಲ್ಲ. ಆಫ್ ಮಾಡುವ ಸಂದೇಶ ಹೋಗಬೇಕಿದ್ದ ವೈರ್‌ಗಳು ಕತ್ತರಿಸಿಹೋಗಿದ್ದವು. ಅಗ್ನಿಶಾಮಕದವರು ಗಂಟೆಗಟ್ಟಲೆ ನೀರು, ನೊರೆ ಹೊಡೆದು ಅದನ್ನು ನಿಲ್ಲಿಸಬೇಕಾಯಿತು.

ಈ ಕಥೆಯನ್ನು ಗಮನಿಸಿ ಓದಿ. ವಿಮಾನದಲ್ಲಿ ಎರಡೆರಡು ದಾರಿ ಇಟ್ಟಿರುತ್ತಾರೆ, ಒಂದು ಹೋದರೆ ಇನ್ನೊಂದು ಇರಲಿ ಅಂತ. ಆದರೆ ರೆಕ್ಕೆಯೊಳಗೆ ಜಾಗ ಎಷ್ಟಿರುತ್ತದೆ? ಎಷ್ಟೇ ದೂರ ಇಟ್ಟರೂ ಎರಡೂ ವೈರ್ ಒಂದೇ ರೆಕ್ಕೆಯಲ್ಲೇ ಹೋಗಬೇಕು, ಒಂದೇ ಅಪಘಾತಕ್ಕೆ ಎರಡೂ ಸಿಗಬಹುದು. ರೇಡಿಯೊ ಅಲೆಗೆ ಬ್ಲೇಡಿನ ಚೂರು ತಾಗುವುದಿಲ್ಲ, ಅದು ಬೆಂಕಿಯ ಬಿಸಿಗೆ ಕರಗುವುದಿಲ್ಲ, ಇಲಿ ಕಡಿಯುವುದಿಲ್ಲ. ಮೊದಲ ದಾರಿ ವೈರ್, ಎರಡನೇ ದಾರಿ ರೇಡಿಯೊ ಅಂತ ಇಟ್ಟರೆ ಎರಡೂ ಒಂದೇ ಕಾರಣಕ್ಕೆ ಸಾಯುವ ಸಾಧ್ಯತೆ ತುಂಬಾ ಇಳಿಯುತ್ತದೆ. ಕ್ವಾಂಟಾಸ್ 32ರಲ್ಲಿ ರೇಡಿಯೊ ಒಂದೇ ಇದ್ದಿದ್ದರೆ ಸಾಲುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಇಂಧನದ ವಾಲ್ವ್ ತಿರುಗಿಸಲು ಅಲ್ಲೇ ಕರೆಂಟೂ ಬೇಕು. ಮೊದಲ ಪ್ರಶ್ನೆಯನ್ನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಹಾಗಾಗಿ ಡ್ರಾಯಿಂಗ್ ಮೇಲೆ ಕೆಂಪು ಪೆನ್ನಲ್ಲಿ ಗುರುತು ಹಾಕಬೇಕಾದ ಜಾಗಗಳು ಇವು: ಎಂಜಿನ್ ಒಡೆದರೆ ಚೂರು ಹಾರುವ ವಲಯ, ಚಕ್ರದ ಗೂಡು, ರೆಕ್ಕೆಯ ಮುಂಭಾಗದ ಅಂಚು, ಮಡಚಿ ತೆರೆಯುವ ಬಾಗಿಲಿನ ಕೀಲು, ಹೆಲಿಕಾಪ್ಟರಿನ ತಿರುಗುವ ರೋಟರ್. ಕೊನೆಯದರಲ್ಲಂತೂ ವೈರ್ ನೇರವಾಗಿ ದಾಟಲೇ ಆಗದು, ಸ್ಲಿಪ್ ರಿಂಗ್ (ತಿರುಗುವ ಭಾಗಕ್ಕೆ ಉಜ್ಜಿಕೊಂಡೇ ಸಂಪರ್ಕ ಕೊಡುವ ಬಳೆ) ಇಡಬೇಕು, ಅದು ಸವೆಯುತ್ತದೆ.

ವೈರ್ ಹೋಗದ ಜಾಗಕ್ಕೆ ಒಳ್ಳೆಯ ಮಾದರಿ ವಿಮಾನದ್ದಲ್ಲ, ನಾಸಾದ ಸ್ಪೇಸ್ ಶಟಲ್‌ದು. 2003ರಲ್ಲಿ ಕೊಲಂಬಿಯಾ ನಾಶವಾದದ್ದು ಮೇಲೇರುವಾಗ ಫೋಮ್ ತುಂಡು ರೆಕ್ಕೆಯ ಅಂಚಿಗೆ ಹೊಡೆದದ್ದರಿಂದ. ನಮ್ಮ ಕರ್ನಾಲ್‌ನ ಕಲ್ಪನಾ ಚಾವ್ಲಾ ಅದರಲ್ಲಿದ್ದರು. ಮತ್ತೆ ಹಾರುವ ಮೊದಲು ಉಳಿದ ಶಟಲ್‌ಗಳ ಪ್ರತಿ ರೆಕ್ಕೆಯೊಳಗೆ 66 ಕಂಪನ ಸೆನ್ಸರ್‌ಗಳನ್ನು ಕೂರಿಸಿದರು. ದಶಕಗಳ ಹಿಂದೆ ಕಟ್ಟಿದ ರೆಕ್ಕೆಯನ್ನು ಬಿಚ್ಚಿ ಹೊಸ ಹಾರ್ನೆಸ್ ಎಳೆಯುವ ಬದಲು ಬ್ಯಾಟರಿ ಇರುವ ಪುಟ್ಟ ಪೆಟ್ಟಿಗೆಗಳು, ರೇಡಿಯೊ ಮೂಲಕ ಕ್ಯಾಬಿನ್‌ನ ಲ್ಯಾಪ್‌ಟಾಪ್‌ಗೆ ಮಾಹಿತಿ. ಪೆಟ್ಟಿಗೆಯಲ್ಲೇ ಲೆಕ್ಕ ಮಾಡಿ ಸಾರಾಂಶವನ್ನು ಮೊದಲು ಕಳಿಸುವುದು ಅವರ ಕ್ರಮ. ಈ ಕ್ರಮವನ್ನು ಕಣ್ಣು ಮುಚ್ಚಿ ಕಲಿಯಿರಿ, ಬ್ಯಾಟರಿ ಮತ್ತು ಬ್ಯಾಂಡ್ (ರೇಡಿಯೊಗೆ ಸಿಗುವ ತರಂಗಾಂತರದ ಜಾಗ) ಎರಡೂ ಉಳಿಯುತ್ತವೆ.

ತೂಕದ ಲೆಕ್ಕ ಪ್ರಾಮಾಣಿಕವಾಗಿ ಹಾಕಿ

ಒಂದು ಸೆನ್ಸರ್‌ಗೆ 15 ಮೀಟರ್ ಶೀಲ್ಡ್ (ಹೊರಗಿನ ಅಡ್ಡಿ ತಡೆಯುವ ಲೋಹದ ಹೊದಿಕೆ) ಇರುವ ಜೋಡಿ ವೈರ್ ಹೋಗುತ್ತಿದೆ ಅಂದುಕೊಳ್ಳಿ. ಮೀಟರಿಗೆ 15 ಗ್ರಾಂ ಹಿಡಿದರೆ 225 ಗ್ರಾಂ, ಕನೆಕ್ಟರ್ ಮತ್ತು ಕ್ಲಾಂಪ್ ಸೇರಿ 350 ಗ್ರಾಂ. ಅದರ ಬದಲು 150 ಗ್ರಾಂನ ವೈರ್‌ಲೆಸ್ ಪೆಟ್ಟಿಗೆ. 200 ಗ್ರಾಂ ಉಳಿಯಿತು ಅಂತ ಖುಷಿಪಡುವ ಮೊದಲು ಗೇಟ್‌ವೇ (ಸೆನ್ಸರ್‌ಗಳ ಸಂದೇಶ ಹಿಡಿದು ವಿಮಾನದ ವ್ಯವಸ್ಥೆಗೆ ದಾಟಿಸುವ ಪೆಟ್ಟಿಗೆ) ಸೇರಿಸಿ, ಆಂಟೆನಾ ಸಹಿತ 1 ಕಿಲೋ ಅನ್ನಿ. ಒಂದು ಸೆನ್ಸರ್‌ಗೆ ಇದು ನಷ್ಟ. 20 ಸೆನ್ಸರ್ ಆದರೆ ವೈರ್ 7 ಕಿಲೋ, ವೈರ್‌ಲೆಸ್ 4 ಕಿಲೋ. ಗೇಟ್‌ವೇ ಒಂದೇ ಇದ್ದರೆ ಅದು ಕೆಟ್ಟ ದಿನ ಇಪ್ಪತ್ತೂ ಸೆನ್ಸರ್ ಕುರುಡಾಗುತ್ತವೆ, ಅದಕ್ಕೆ ಎರಡು ಬೇಕು, ಆಗ 5 ಕಿಲೋ. ಈ ಅಂಕಿಗಳು ಲೆಕ್ಕದ ದಾರಿ ತೋರಿಸಲು ಇಟ್ಟವು, ನಿಮ್ಮ ಪಾರ್ಟ್‌ಗಳ ತೂಕ ಹಾಕಿ ನೀವೇ ಮಾಡಿ. ಬರುವ ಉತ್ತರ ಸಾಮಾನ್ಯವಾಗಿ ಇದೇ: ಬಿಡಿ ಸೆನ್ಸರ್‌ಗೆ ಲಾಭ ಇಲ್ಲ, ಗುಂಪಿಗೆ ಇದೆ.

ತೂಕಕ್ಕಿಂತ ದೊಡ್ಡ ಉಳಿತಾಯ ಒಂದಿದೆ, ಬಹಳ ಜನ ಅದನ್ನು ಬರೆಯುವುದೇ ಇಲ್ಲ. ಹಾರ್ನೆಸ್ ಕೈಕೆಲಸ. ಬೆಂಗಳೂರಿನಲ್ಲಿ ಸಾಸ್ಮೋಸ್, ರಾಸೆಲ್ ಟೆಕ್‌ಸಿಸ್‌ನಂಥ ಕಂಪನಿಗಳು ದೊಡ್ಡ ದೊಡ್ಡ ವಿಮಾನ ತಯಾರಕರಿಗೆ ಹಾರ್ನೆಸ್ ಮಾಡಿಕೊಡುತ್ತವೆ. ಉದ್ದನೆಯ ಬೋರ್ಡಿನ ಮೇಲೆ ಒಂದೊಂದೇ ವೈರ್ ಹಾಸಿ, ಕ್ರಿಂಪ್ ಮಾಡಿ, ಪಿನ್ ಕೂರಿಸಿ, ಕಟ್ಟಿ, ಪರೀಕ್ಷೆ ಮಾಡುವ ಆ ಕೆಲಸದ ತಾಳ್ಮೆಗೆ ಕೈಮುಗಿಯಬೇಕು. ಡಿಸೈನ್ ಸ್ವಲ್ಪ ಬದಲಾದರೂ ಹಾರ್ನೆಸ್ ಬದಲಾಗುತ್ತದೆ. 2006ರಲ್ಲಿ ಎ380 ತಡವಾದದ್ದೇ ಇದರಿಂದ: ಹ್ಯಾಂಬರ್ಗ್ ಮತ್ತು ಟುಲೂಸ್‌ನ ತಂಡಗಳು ಡಿಸೈನ್ ಸಾಫ್ಟ್‌ವೇರಿನ ಬೇರೆ ಬೇರೆ ಆವೃತ್ತಿ ಬಳಸುತ್ತಿದ್ದವು, ಜೋಡಿಸುವಾಗ ವೈರ್ ಉದ್ದ ಸಾಲಲಿಲ್ಲ. ಆಮೇಲೆ ಸೇರಿಸುವ ಸೆನ್ಸರ್‌ಗಳಿಗೆ, ಹಳೇ ವಿಮಾನಕ್ಕೆ ಹೊಸದಾಗಿ ಕೂರಿಸುವ ಉಪಕರಣಗಳಿಗೆ ವೈರ್‌ಲೆಸ್ ಒಳ್ಳೆಯದು ಅನ್ನುವುದು ಇದೇ ಕಾರಣಕ್ಕೆ.

ಬ್ಯಾಂಡ್: 4200ರಿಂದ 4400 ಮೆಗಾಹರ್ಟ್ಜ್

ವೈಫೈ, ಬ್ಲೂಟೂತ್ ಇರುವ 2.4 ಗಿಗಾಹರ್ಟ್ಜ್‌ನಲ್ಲೇ ಮಾಡಿದರೆ ಆಗದಾ ಅಂತ ಎಲ್ಲರೂ ಕೇಳುತ್ತಾರೆ. ಸುರಕ್ಷತೆಗೆ ಸಂಬಂಧಿಸಿದ್ದಾದರೆ ಬೇಡ. ಇನ್ನೂರು ಮುನ್ನೂರು ಪ್ರಯಾಣಿಕರ ಫೋನು, ಇಯರ್‌ಬಡ್, ವಾಚು ಎಲ್ಲ ಅಲ್ಲೇ ಇವೆ. ಅದು ಯಾರಿಗೂ ಕಾದಿರಿಸಿದ ಬ್ಯಾಂಡ್ ಅಲ್ಲ, ಅಡ್ಡಿಯಾದರೆ ದೂರು ಕೊಡಲೂ ಹಕ್ಕಿಲ್ಲ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2015ರ ವಿಶ್ವ ರೇಡಿಯೊ ಸಮ್ಮೇಳನದಲ್ಲಿ ಇದಕ್ಕೆ ಪರಿಹಾರ ಸಿಕ್ಕಿತು. 4200ರಿಂದ 4400 ಮೆಗಾಹರ್ಟ್ಜ್ ಬ್ಯಾಂಡನ್ನು ವಿಮಾನದೊಳಗಿನ ವೈರ್‌ಲೆಸ್ ಸಂಪರ್ಕಕ್ಕೆ ಜಗತ್ತಿನಾದ್ಯಂತ ಬಳಸಬಹುದು ಅಂತ ಒಪ್ಪಿದರು. ಈ ವ್ಯವಸ್ಥೆಗೆ ಡಬ್ಲ್ಯುಎಐಸಿ ಅನ್ನುತ್ತಾರೆ. ಅದು ಒಂದೇ ವಿಮಾನದ ಒಳಗಿನ ಎರಡು ಉಪಕರಣಗಳ ನಡುವೆ, ಸುರಕ್ಷತೆ ಮತ್ತು ಹಾರಾಟದ ಕ್ರಮಬದ್ಧತೆಗೆ ಮಾತ್ರ. ಪ್ರಯಾಣಿಕರ ಮನರಂಜನೆಗೆ ಇಲ್ಲ, ನೆಲದ ಜೊತೆ ಮಾತಾಡಲೂ ಇಲ್ಲ. ಒಳಗೆ, ಹೊರಗೆ, ಕಡಿಮೆ ವೇಗ, ಹೆಚ್ಚು ವೇಗ ಅಂತ ನಾಲ್ಕು ಬಗೆ ಮಾಡಿದ್ದಾರೆ. ಸೆಕೆಂಡಿಗೆ 10 ಕಿಲೋಬಿಟ್ ಒಳಗಿದ್ದರೆ ಕಡಿಮೆ ವೇಗ, ಅದಕ್ಕೆ ಸುಮಾರು 10 ಮಿಲಿವ್ಯಾಟ್ ಶಕ್ತಿ. ಹೆಚ್ಚು ವೇಗಕ್ಕೆ 50 ಮಿಲಿವ್ಯಾಟ್.

ಆ ಬ್ಯಾಂಡ್ ಖಾಲಿ ಇರಲಿಲ್ಲ ಅನ್ನುವುದೇ ಕಷ್ಟದ ಭಾಗ. ಅಲ್ಲಿ ರೇಡಿಯೊ ಆಲ್ಟಿಮೀಟರ್ ಇದೆ, ವಿಮಾನ ನೆಲದಿಂದ ಎಷ್ಟು ಎತ್ತರದಲ್ಲಿದೆ ಅಂತ ಕೊನೆಯ 2,500 ಅಡಿಯಲ್ಲಿ ಅಳೆಯುವ ಉಪಕರಣ. ಅದು ತಪ್ಪು ಹೇಳಿದರೆ ಏನಾಗುತ್ತದೆ ಅಂತ 2009ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕಂಡಿತು. ಟರ್ಕಿಶ್ ಏರ್‌ಲೈನ್ಸ್‌ನ 737 ವಿಮಾನದಲ್ಲಿ ಕೆಟ್ಟ ಆಲ್ಟಿಮೀಟರ್ ಎತ್ತರ ಮೈನಸ್ 8 ಅಡಿ ಅಂತ ತೋರಿಸಿತು, ಎಂಜಿನ್ ಶಕ್ತಿಯನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ಅದನ್ನು ಇಳಿಸಿಬಿಟ್ಟಿತು, ವೇಗ ಕುಸಿದದ್ದು ಪೈಲಟ್‌ಗಳ ಗಮನಕ್ಕೆ ಬಂದಾಗ ತಡವಾಗಿತ್ತು, 9 ಜನ ಸತ್ತರು. ಅದು ರೇಡಿಯೊ ಅಡ್ಡಿಯಿಂದ ಆದದ್ದಲ್ಲ. ಆದರೆ ಈ ಉಪಕರಣಕ್ಕೆ ತೊಂದರೆ ಕೊಡುವ ಹಕ್ಕು ನಿಮಗೆ ಯಾಕಿಲ್ಲ ಅಂತ ತಿಳಿಯಲು ಇಷ್ಟು ಸಾಕು. 5ಜಿ ಬಂದಾಗ ಆದ ಗಲಾಟೆಯೂ ಇದರದ್ದೇ. 2022ರ ಜನವರಿಯಲ್ಲಿ ಏರ್ ಇಂಡಿಯಾ ಅಮೆರಿಕಕ್ಕೆ ಹೋಗುವ ಕೆಲವು ವಿಮಾನಗಳನ್ನು ರದ್ದು ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ರನ್‌ವೇ ತುದಿಗಳಿಂದ 2,100 ಮೀಟರ್ ಮತ್ತು ನಡುಗೆರೆಯಿಂದ 910 ಮೀಟರ್ ಒಳಗೆ 3300ರಿಂದ 3670 ಮೆಗಾಹರ್ಟ್ಜ್‌ನ 5ಜಿ ಟವರ್ ಹಾಕಬೇಡಿ ಅಂದಿತು. ಪಕ್ಕದ ಬ್ಯಾಂಡಿಗೇ ಇಷ್ಟು ಎಚ್ಚರಿಕೆ. ನೀವು ಇರುವುದು ಅದೇ ಬ್ಯಾಂಡಿನೊಳಗೆ.

ಅದಕ್ಕೇ ಶಕ್ತಿಯನ್ನು ಬೇಕಾದಷ್ಟೇ ಇಡಿ. ಆಂಟೆನಾ ಲೋಹದ ಮೈಯ ಒಳಗಡೆ ಇರಲಿ, ಕಿಟಕಿಯಿಂದ ದೂರ. ನಿಮ್ಮ ವಿಮಾನದ ಆಲ್ಟಿಮೀಟರ್ ಮಾತ್ರ ಅಲ್ಲ, ಪಕ್ಕದಲ್ಲಿ ಇಳಿಯುತ್ತಿರುವ ವಿಮಾನದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಈ ಸಹಬಾಳ್ವೆಗೆ ಆರ್‌ಟಿಸಿಎ ಅನ್ನುವ ಅಮೆರಿಕದ ಸಂಸ್ಥೆಯ ಡಿಒ-378 ಅನ್ನುವ ಮಾನದಂಡ ಇದೆ, ಯುರೋಪಿನಲ್ಲಿ ಇಡಿ-260. ವಿನ್ಯಾಸ ಶುರುವಾಗುವ ಮೊದಲೇ ಓದಿ.

ಲಿಂಕ್ ಬಜೆಟ್, ಮತ್ತು ಸತ್ತ ಜಾಗಗಳು

ಲಿಂಕ್ ಬಜೆಟ್ ಅಂದರೆ ಕಳಿಸಿದ ಶಕ್ತಿಯಲ್ಲಿ ದಾರಿಯಲ್ಲಿ ಎಷ್ಟು ಕಳೆದು ಎಷ್ಟು ತಲುಪುತ್ತದೆ ಅನ್ನುವ ಲೆಕ್ಕ. 4.3 ಗಿಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಸುಮಾರು 7 ಸೆಂ.ಮೀ. ಅಡ್ಡಿಯಿಲ್ಲದ 10 ಮೀಟರ್ ದೂರಕ್ಕೆ ನಷ್ಟ 65 ಡೆಸಿಬೆಲ್, 30 ಮೀಟರಿಗೆ 75. ನೀವು ಕಳಿಸುವುದು 10 ಮಿಲಿವ್ಯಾಟ್, ಅಂದರೆ 10 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್). 30 ಮೀಟರ್ ಆಚೆ ತಲುಪುವುದು ಮೈನಸ್ 65 ಡಿಬಿಎಂ. ಕಡಿಮೆ ವೇಗದ ರಿಸೀವರ್ ಮೈನಸ್ 95ರವರೆಗೆ ಕೇಳಿಸಿಕೊಂಡರೆ 30 ಡೆಸಿಬೆಲ್ ಕೈಯಲ್ಲಿದೆ. ಕಾಗದದ ಮೇಲೆ ಎಲ್ಲ ಸುಲಭ, ಅಲ್ವಾ?

ವಿಮಾನದ ಒಳಗೆ ಹಾಗಿರುವುದಿಲ್ಲ. ಸುತ್ತ ಲೋಹ, ಅಲೆ ಹತ್ತು ಕಡೆ ಬಡಿದು ಬರುತ್ತದೆ. ಕೆಲವು ಜಾಗದಲ್ಲಿ ಅಲೆಗಳು ಒಂದನ್ನೊಂದು ಕೂಡುತ್ತವೆ, ಕೆಲವು ಜಾಗದಲ್ಲಿ ಒಂದನ್ನೊಂದು ಕೊಲ್ಲುತ್ತವೆ. ಸತ್ತ ಜಾಗದಲ್ಲಿ 20, 30 ಡೆಸಿಬೆಲ್ ಸುಮ್ಮನೆ ಮಾಯ. ಫೋನ್ ಆದರೆ ಕೈ ಆಡುತ್ತದೆ, ಜಾಗ ಬದಲಾಗುತ್ತದೆ. ನಿಮ್ಮ ಸೆನ್ಸರ್ ಸ್ಕ್ರೂ ಹಾಕಿ ಕೂರಿಸಿದ್ದು, ಸತ್ತ ಜಾಗದಲ್ಲಿ ಸಿಕ್ಕರೆ ಅಲ್ಲೇ ಇರುತ್ತದೆ. ಹ್ಯಾಂಗರ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿದ ಲಿಂಕ್, ಜನ ತುಂಬಿ ಸಾಮಾನು ತುಂಬಿದ ಮೇಲೆ ಮಂಕಾಗುವುದೂ ಇದೇ ಕಾರಣಕ್ಕೆ.

ಇದಕ್ಕೆ ಮದ್ದು ಮೂರು, ಸಾಧ್ಯವಾದರೆ ಮೂರನ್ನೂ ಹಾಕಿ. ಗೇಟ್‌ವೇಗೆ ಅರ್ಧ ಅಲೆಗಿಂತ, ಅಂದರೆ 3.5 ಸೆಂ.ಮೀ.ಗಿಂತ ದೂರ ಇರುವ ಎರಡು ಆಂಟೆನಾ ಕೊಡಿ. ಪ್ರತಿ ಸಲ ಬೇರೆ ಬೇರೆ ಚಾನೆಲ್‌ಗೆ ಜಿಗಿಯಿರಿ, 200 ಮೆಗಾಹರ್ಟ್ಜ್ ಅಗಲ ಇದೆ, ಒಂದು ಕಡೆ ಸತ್ತದ್ದು ಇನ್ನೊಂದು ಕಡೆ ಬದುಕಿರುತ್ತದೆ. ಮತ್ತೆ, ಒಂದು ಸೆನ್ಸರ್ ಎರಡು ಗೇಟ್‌ವೇಗೂ ಕೇಳುವಂತಿರಲಿ. ಬರೀ ಶಕ್ತಿ ಹೆಚ್ಚಿಸಿ ಗೆಲ್ಲಲು ಹೋಗಬೇಡಿ, ಆಲ್ಟಿಮೀಟರ್ ನೆನಪಿದೆಯಲ್ಲ. ಕಾರ್ಬನ್ ಫೈಬರ್ ಮೈಯೂ ಅಲೆಯನ್ನು ತಡೆಯುತ್ತದೆ, ಹೊರಗಿನ ಸೆನ್ಸರ್‌ಗೆ ಒಳಗಿನ ಗೇಟ್‌ವೇ ಸಾಲದು.

ಯಾರು ಯಾವಾಗ ಮಾತಾಡಬೇಕು ಅನ್ನುವುದನ್ನು ಮೊದಲೇ ಗೊತ್ತು ಮಾಡಿ. ವೈಫೈ ತರ ಗಾಳಿಯಲ್ಲಿ ಯಾರೂ ಇಲ್ಲ ಅಂತ ಕೇಳಿ ಆಮೇಲೆ ಮಾತಾಡುವ ಪದ್ಧತಿಯಲ್ಲಿ ಎಷ್ಟು ತಡವಾಗಬಹುದು ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಸರ್ಟಿಫಿಕೇಟ್ ಕೊಡುವವರು ಕೇಳುವುದು ಆ ಖಚಿತ ಸಂಖ್ಯೆಯನ್ನೇ. ಪ್ರತಿ ಸೆನ್ಸರ್‌ಗೂ ಒಂದು ಸಮಯದ ತುಣುಕು, ಮರುಪ್ರಯತ್ನಕ್ಕೆ ಇನ್ನೊಂದು ತುಣುಕು ಮೀಸಲಿಡಿ. ಕಾರ್ಖಾನೆಗಳಲ್ಲಿ ಬಳಸುವ ವೈರ್‌ಲೆಸ್‌ಹಾರ್ಟ್ ಇದೇ ದಾರಿ ಹಿಡಿದದ್ದು, ಅದನ್ನು ಓದಿದರೆ ಬಹಳ ಕಲಿಯಬಹುದು.

ಬ್ಯಾಟರಿ

ಒಂದು ಎಎ ಗಾತ್ರದ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್‌ನಲ್ಲಿ ಸುಮಾರು 2,400 ಮಿಲಿಆಂಪ್ ಗಂಟೆ ಇರುತ್ತದೆ. ಚಳಿಗೂ ತಡೆಯುತ್ತದೆ. ನಿಮ್ಮ ಸೆನ್ಸರ್ ಸೆಕೆಂಡಿಗೊಮ್ಮೆ ಎದ್ದು 10 ಮಿಲಿಸೆಕೆಂಡು 20 ಮಿಲಿಆಂಪ್ ತಿಂದರೆ ಸರಾಸರಿ 200 ಮೈಕ್ರೋಆಂಪ್, ನಿದ್ದೆಯದು 5 ಸೇರಿಸಿ. ಒಂದು ವರ್ಷ ನಾಲ್ಕು ತಿಂಗಳಲ್ಲಿ ಖಾಲಿ. ಅದೇ 10 ಸೆಕೆಂಡಿಗೊಮ್ಮೆ ಎದ್ದರೆ ಕಾಗದದ ಮೇಲೆ ಸುಮಾರು 11 ವರ್ಷ, ಸೆಲ್ ತಾನಾಗಿ ಸೋರುವುದರಿಂದ ನಿಜದಲ್ಲಿ ಅದಕ್ಕಿಂತ ಕಡಿಮೆ. ನಿಮ್ಮ ಗುರಿ ಹೀಗಿರಲಿ: ವಿಮಾನ ಹೇಗೂ ಬಿಚ್ಚುವ ದೊಡ್ಡ ತಪಾಸಣೆ ಬರುವವರೆಗೆ ಬ್ಯಾಟರಿ ಬಾಳಬೇಕು. ಬ್ಯಾಟರಿ ಬದಲಿಸಲೆಂದೇ ಪ್ಯಾನೆಲ್ ಬಿಚ್ಚುವಂತಾದರೆ ಮೇಂಟೆನೆನ್ಸ್‌ನವರು ನಿಮ್ಮನ್ನು ಕ್ಷಮಿಸುವುದಿಲ್ಲ, ಅವರು ಹೇಳುವುದು ಸರಿಯೂ ಹೌದು.

ಬ್ಯಾಟರಿಯೇ ಬೆಂಕಿಯ ಮೂಲವಾಗಬಹುದು. 2013ರ ಜುಲೈನಲ್ಲಿ ಹೀಥ್ರೂನಲ್ಲಿ ನಿಂತಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ 787 ಹೊತ್ತಿಕೊಂಡದ್ದು ತುರ್ತು ಬೀಕನ್ನಿನ ಲಿಥಿಯಂ ಬ್ಯಾಟರಿಯಿಂದ, ಅದರ ವೈರ್ ಮುಚ್ಚಳದಡಿ ಸಿಕ್ಕಿ ಒತ್ತಿಹೋಗಿತ್ತು. ಇಂಥ ಬ್ಯಾಟರಿಗೆ ಡಿಒ-227 ಮಾನದಂಡ ಇದೆ. ಇಂಧನ ಟ್ಯಾಂಕಿನೊಳಗೆ ಸೆನ್ಸರ್ ಇಡುವ ಯೋಚನೆ ಇದ್ದರೆ ಇನ್ನೂ ಬಿಗಿ: 200 ಮೈಕ್ರೋಜೌಲ್ ಕಿಡಿ ಆವಿ ಹೊತ್ತಿಸಲು ಸಾಕು ಅಂತ ಹಿಡಿದೇ ವಿನ್ಯಾಸ ಮಾಡುತ್ತಾರೆ. ಟಿಡಬ್ಲ್ಯುಎ 800ರಂಥ ದಾರಿಯನ್ನು ವೈರ್ ತೆಗೆದು ಮುಚ್ಚಿ, ಒಳಗೇ ಬ್ಯಾಟರಿ ಕೂರಿಸಿ ಇನ್ನೊಂದು ದಾರಿ ತೆರೆಯಬಾರದು. ಬಿಸಿ ವ್ಯತ್ಯಾಸದಿಂದ ಅಥವಾ ಕಂಪನದಿಂದ ಕರೆಂಟ್ ಮಾಡಿಕೊಳ್ಳುವ ಸೆನ್ಸರ್‌ಗಳೂ ಬಂದಿವೆ. ಎಂಜಿನ್ ಹತ್ತಿರ, ಗೇರ್‌ಬಾಕ್ಸ್ ಹತ್ತಿರ ಅವನ್ನು ಖಂಡಿತ ಪರಿಗಣಿಸಿ.

ಕಿವಿಗೊಡುವವರು, ಬಾಯಿ ಮುಚ್ಚಿಸುವವರು

ವೈರ್‌ಗೆ ಕೈ ಹಾಕಬೇಕಾದರೆ ವಿಮಾನದೊಳಗೆ ಬರಬೇಕು. ರೇಡಿಯೊಗೆ ಬೇಕಿಲ್ಲ. ಪ್ರತಿ ಸಂದೇಶಕ್ಕೂ ಎಇಎಸ್ ಗೂಢಲಿಪಿ, ಕಳಿಸಿದವರ ಗುರುತು, ಹಳೇ ಸಂದೇಶವನ್ನು ಮತ್ತೆ ಕಳಿಸಿ ಮೋಸ ಮಾಡದಂತೆ ಏರುತ್ತಾ ಹೋಗುವ ಎಣಿಕೆ, ಇಷ್ಟು ಕಡ್ಡಾಯ. ಆದರೆ ಯಾರಾದರೂ ಗದ್ದಲ ಎಬ್ಬಿಸಿ ಬ್ಯಾಂಡನ್ನೇ ಮುಚ್ಚಿದರೆ ಗೂಢಲಿಪಿ ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದ್ದು ಬೇರೆ ನಿರ್ಧಾರ: ಎಷ್ಟು ಹೊತ್ತು ಸಂದೇಶ ಬರದಿದ್ದರೆ ಲಿಂಕ್ ಹೋಯಿತು ಅಂತ ಸಾರಬೇಕು, ಆಗ ವ್ಯವಸ್ಥೆ ಯಾವ ಸುರಕ್ಷಿತ ಸ್ಥಿತಿಗೆ ಹೋಗಬೇಕು, ಪೈಲಟ್‌ಗೆ ಏನು ತೋರಿಸಬೇಕು. ಕೊನೇ ಅಳತೆಯನ್ನೇ ಹಿಡಿದು ಎಲ್ಲ ಸರಿಯಿದೆ ಅಂತ ತೋರಿಸುತ್ತಾ ಕೂರುವ ವಿನ್ಯಾಸ ಎಲ್ಲಕ್ಕಿಂತ ಅಪಾಯ.

ಸೆನ್ಸರ್ ಬದಲಿಸುವಾಗ ಗೂಢಲಿಪಿಯ ಕೀಲಿ ಹಾಕುವ ಕ್ರಮವನ್ನೂ ಈಗಲೇ ಬರೆಯಿರಿ. ಹ್ಯಾಂಗರ್‌ನಲ್ಲಿ ಒಂದೇ ತರದ ಮೂರು ವಿಮಾನ ಅಕ್ಕಪಕ್ಕ ನಿಂತಿರುತ್ತವೆ. ಹೊಸ ಸೆನ್ಸರ್ ಪಕ್ಕದ ವಿಮಾನದ ಗೇಟ್‌ವೇಗೆ ಅಂಟಿಕೊಂಡರೆ? ಮುಟ್ಟಿಸುವಷ್ಟು ಹತ್ತಿರದಿಂದ ಮಾತ್ರ ಜೋಡಣೆಯಾಗುವಂತೆ ಮಾಡಿ, ಎಡಗಡೆ ಸೆನ್ಸರ್ ಬಲಗಡೆ ಕೂತಿಲ್ಲ ಅಂತ ಖಾತ್ರಿ ಮಾಡುವ ಹೆಜ್ಜೆ ಸೇರಿಸಿ.

ಕಾಗದಪತ್ರ

ಸಾಫ್ಟ್‌ವೇರಿಗೆ ಡಿಒ-178ಸಿ, ಹಾರ್ಡ್‌ವೇರಿಗೆ ಡಿಒ-254, ಬಿಸಿ ಚಳಿ ಕಂಪನ ಸಿಡಿಲಿಗೆ ಡಿಒ-160, ಸೈಬರ್ ಭದ್ರತೆಗೆ ಡಿಒ-326ಎ. ಭಾರತದಲ್ಲಿ ನಾಗರಿಕ ವಿಮಾನಕ್ಕೆ ಡಿಜಿಸಿಎ, ಸೇನೆಯದಕ್ಕೆ ಬೆಂಗಳೂರಿನಲ್ಲೇ ಇರುವ ಸೆಮಿಲ್ಯಾಕ್. ಅವರ ಹತ್ತಿರ ಕೊನೆಯಲ್ಲಿ ಹೋಗಬೇಡಿ, ಯಾವ ವೈರ್ ತೆಗೆಯಬೇಕು ಅಂತ ಗೊತ್ತಾದ ದಿನವೇ ಮಾತಾಡಿ.

ವಿದ್ಯಾರ್ಥಿಗಳು ಮನೆ ಹತ್ತಿರವೇ ಮಾಡಬಹುದಾದದ್ದು

4200 ಮೆಗಾಹರ್ಟ್ಜ್‌ನಲ್ಲಿ ಲೈಸೆನ್ಸ್ ಇಲ್ಲದೆ ಒಂದು ಸೆಕೆಂಡೂ ಪ್ರಸಾರ ಮಾಡಬೇಡಿ. ಅದಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ ಪ್ರಾಯೋಗಿಕ ಲೈಸೆನ್ಸ್ ಬೇಕು, ಕಾಲೇಜಿನ ಮೂಲಕ ಅರ್ಜಿ ಹಾಕಬಹುದು. ಅಲ್ಲಿಯವರೆಗೆ 2.4 ಗಿಗಾಹರ್ಟ್ಜ್‌ನಲ್ಲೇ ಕಲಿಯಿರಿ, ಅಲೆಗಳ ಸ್ವಭಾವ ಒಂದೇ. ನಾರ್ಡಿಕ್ ಎನ್‌ಆರ್‌ಎಫ್52840 ಅನ್ನುವ ಪುಟ್ಟ ರೇಡಿಯೊ ಬೋರ್ಡ್ ಎರಡು ಸಾಕು. ಲೋಹದ ಮೈಯ ಜಾಗ ಹುಡುಕಿ, ಹಡಗಿನ ಕಂಟೇನರ್ ಸಿಕ್ಕರೆ ಬಹಳ ಒಳ್ಳೆಯದು, ಕಾಲೇಜು ಬಸ್ಸೂ ನಡೆಯುತ್ತದೆ. ಒಂದು ಬೋರ್ಡ್ ಡ್ರೈವರ್ ಸೀಟಿನ ಹತ್ತಿರ, ಇನ್ನೊಂದು ಹಿಂದಿನ ಸೀಟಿನ ಕೆಳಗೆ. ಹಿಂದಿನದನ್ನು 1 ಸೆಂ.ಮೀ., 1 ಸೆಂ.ಮೀ. ಸರಿಸುತ್ತಾ ಪ್ರತಿ ಜಾಗದಲ್ಲೂ ಸಿಗ್ನಲ್ ಮಟ್ಟ ಬರೆದುಕೊಳ್ಳಿ. ಇಲ್ಲಿ ಅಲೆಯ ಉದ್ದ 12 ಸೆಂ.ಮೀ. ಆಸುಪಾಸು, ಹಾಗಾಗಿ ಸುಮಾರು 6 ಸೆಂ.ಮೀ.ಗೊಮ್ಮೆ ಏರಿಳಿತ ಕಾಣಬೇಕು. ಆಮೇಲೆ ಅತಿ ಕೆಟ್ಟ ಜಾಗದಲ್ಲೇ ಬೋರ್ಡ್ ಬಿಟ್ಟು ಚಾನೆಲ್ ಬದಲಿಸಿ ಮತ್ತೆ ಅಳೆಯಿರಿ. ಖಾಲಿ ಬಸ್ಸಿನಲ್ಲಿ ಒಮ್ಮೆ, ಹುಡುಗರೆಲ್ಲ ಕೂತ ಮೇಲೆ ಒಮ್ಮೆ, ಎಲ್ಲರ ಬ್ಲೂಟೂತ್ ಆನ್ ಮಾಡಿಸಿ ಒಮ್ಮೆ. ಸರಾಸರಿಗೆ ಮಾರುಹೋಗಬೇಡಿ, ಕಳೆದುಹೋದ ಸಂದೇಶಗಳನ್ನು ಎಣಿಸಿ, ಅದರಲ್ಲೂ ಸಾಲಾಗಿ ಎಷ್ಟು ಕಳೆದವು ಅನ್ನುವುದನ್ನು ಬೇರೆಯಾಗಿ ಬರೆಯಿರಿ. ನೂರರಲ್ಲಿ ಐದು ಬಿಡಿಬಿಡಿಯಾಗಿ ಹೋದರೆ ಮರುಪ್ರಯತ್ನ ಸರಿಮಾಡುತ್ತದೆ. ಸೆಕೆಂಡಿಗೊಂದು ಸಂದೇಶ ಕಳಿಸುವಾಗ ಐದೂ ಸಾಲಾಗಿ ಹೋದರೆ ಆ ಐದು ಸೆಕೆಂಡು ನಿಮ್ಮ ವ್ಯವಸ್ಥೆ ಕುರುಡಾಗಿತ್ತು. ರಿಪೋರ್ಟಿನ ಮೊದಲ ಪುಟದಲ್ಲಿ ಇರಬೇಕಾದ ಸಂಖ್ಯೆ ಅದು.